ಅಕ್ಕ ಕೂರುವ ಬೆಂಚು

ಕುಮಟಾ

ನಾನು ಇಂಗ್ಲೆಂಡಿಗೆ ಹೋದದ್ದು ಸಾವಿನ ಮನೆಗೆ. ಊರು ನೋಡಲು ಹೋದದ್ದಲ್ಲ. ಹಾಗಾಗಿ ರಾಣಿಯ ಅರಮನೆ ಹೇಗಿದೆ, ಥೇಮ್ಸ್ ನದಿ ನಮ್ಮ ಅಘನಾಶಿನಿಯಷ್ಟು ಅಗಲವೇ ಎಂದೆಲ್ಲ ಕೇಳಿದವರಿಗೆ ನಿರಾಸೆ ಮಾಡಿದ್ದೇನೆ. ನಾನು ಅಲ್ಲಿ ಹೆಚ್ಚು ಹೊತ್ತು ಕಳೆದದ್ದು ಒಂದು ಬೆಂಚಿನ ಮೇಲೆ. ಬೆಂಚಿನ ಮೇಲೆ ಕೂರಲಿಕ್ಕೆ ವಿಮಾನ ಹತ್ತಬೇಕಿತ್ತೇ ಎಂದು ನಮ್ಮ ಮಾಸ್ತರರು ತಮಾಷೆ ಮಾಡಿದ್ದುಂಟು. ಅವರ ಮಾತೂ ಸುಳ್ಳಲ್ಲ. ನನ್ನ ಜವಳಿ ಅಂಗಡಿಯ ಮುಂದೆಯೇ ಮತ್ತಿಮರದ ಒಂದು ಉದ್ದನೆಯ ಬೆಂಚಿದೆ.

ಜವಳಿ ವ್ಯಾಪಾರ ಅಡಿಕೆ ತೋಟ ನಂಬಿದ ನಮ್ಮ ಪೈಕಿಯವರ ಕಸುಬಲ್ಲ. ಅಪ್ಪಯ್ಯ ಸಂತೆಗುಳಿಯಿಂದ ಇಳಿದು ಬಂದು ಕೊಂಕಣಿ ಸಾಹುಕಾರರ ನಡುವೆ ಒಂದು ಸಣ್ಣ ಅಂಗಡಿ ಹಿಡಿದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು, ಬಾಗಿಲಿಗೆ ಪರದೆ. ವ್ಯಾಪಾರ ಅಷ್ಟಕ್ಕಷ್ಟೆ, ಆದರೆ ಬೆಂಚು ಖಾಲಿ ಇದ್ದದ್ದು ನನಗೆ ನೆನಪಿಲ್ಲ. ಶಾಲೆ ಬಿಟ್ಟ ಮೇಲೆ ಮಾಸ್ತರರು, ಬಾಡದ ಕಡೆಯಿಂದ ಕೋರ್ಟು ಕೆಲಸಕ್ಕೆ ಬಂದವರು, ಬಸ್ಸು ತಪ್ಪಿಸಿಕೊಂಡವರು, ಬಸ್ಸು ಹತ್ತುವ ಉದ್ದೇಶವೇ ಇಲ್ಲದವರು, ಎಲ್ಲರೂ ಅಲ್ಲಿ. ಭಟ್ಕಳದ ಇಸ್ಮಾಯಿಲ್ ಸಾಹೇಬರು ಮಾಲು ತೆಗೆದುಕೊಂಡು ಬಂದರೆ ಅರ್ಧ ದಿನ ಅಲ್ಲೇ ಠಿಕಾಣಿ. ಕವಳದ, ಎಂದರೆ ಎಲೆಯಡಿಕೆಯ, ತಬಕು ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಕುಮಟೆಯಲ್ಲಿ ಏನೇ ಆಗಲಿ, ಮೊದಲು ಆ ಬೆಂಚಿಗೆ ತಿಳಿದು ಆಮೇಲೆ ಊರಿಗೆ ತಿಳಿಯಬೇಕು.

ನಾನು ಇಂಗ್ಲೆಂಡಿಗೆ ಹೋದ ವರ್ಷದ ಮಳೆಗಾಲದಲ್ಲಿ ಭಾವ ತೀರಿಕೊಂಡ ತಂತಿ ಬಂದದ್ದೂ ಅಲ್ಲಿಗೇ. ಭಾವ ಡಾಕ್ಟರು. ಐವತ್ತೇಳನೆಯ ಇಸವಿಯ ಸುಮಾರಿಗೆ ಗೋದಾವರಿ ಅಕ್ಕನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ ಬರ್ಮಿಂಗ್‌ಹ್ಯಾಮ್ ಎಂಬ ಊರಿನ ಆಸ್ಪತ್ರೆಯಲ್ಲಿ ನಿಂತಿದ್ದರು. ಮಕ್ಕಳಿಲ್ಲ. ಒಂದು ದಿನ ಕೆಲಸ ಮುಗಿಸಿ ಬಂದು ಬೂಟು ಬಿಚ್ಚುತ್ತ ಕುಳಿತವರು ಮತ್ತೆ ಏಳಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಪರದೆಯ ಹಿಂದಿನಿಂದ ಆಯಿಯ, ಎಂದರೆ ನಮ್ಮ ಅಮ್ಮನ, ಅಳುವ ಸ್ವರ ಕೇಳಿತು.

ನಮ್ಮ ಕಡೆ ಸಾವಿನ ಮನೆಗೆ ಕರೆಯದೆ ಹೋಗಬೇಕು, ಹೇಳದೆ ಬರಬೇಕು. ಮದುವೆಗೆ ಕರೆಯದಿದ್ದರೆ ಹೋಗದೆ ಕೂರಬಹುದು. ಸಾವಿಗೆ ಕಾಯುವ ಹಾಗಿಲ್ಲ. ಹೋಗಿ ಸುಮ್ಮನೆ ಕೂತು, ಏಳುವಾಗ ‘ಬತ್ತೆ’ ಎನ್ನದೆ ಎದ್ದು ಬರಬೇಕು, ಅಂಥ ಮನೆಗೆ ಮತ್ತೊಮ್ಮೆ ಬರುತ್ತೇನೆ ಎನ್ನಬಾರದಲ್ಲ. ಆದರೆ ಏಳು ಸಮುದ್ರದಾಚೆ ಗಂಡನನ್ನು ಕಳೆದುಕೊಂಡವಳ ಹತ್ತಿರ ಯಾರು ಹೋಗಿ ಕೂರುತ್ತಾರೆ? ಆಯಿಗೆ ಅದೇ ಹುಳ ಹೊಕ್ಕಿತು. ಪಾಸ್‌ಪೋರ್ಟು ಬರುವ ಹೊತ್ತಿಗೆ ಚಳಿಗಾಲವೇ ಆಯಿತು.

“ಅಕ್ಕನ್ನ ಕರ್ಕಂಡೇ ಬಾ ತಮ,” ಎಂದಳು ಆಯಿ. “ಅಲ್ಲಿ ಅದಕ್ಕೆ ಯಾರಿದ್ದ?”

ಆಯಿಯೂ ಗಂಡ ಸತ್ತವಳು. ವಿಧವೆಯರ ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆಳೆದು ಇಪ್ಪತ್ತು ವರ್ಷದ ಮೇಲಾಗಿತ್ತು.

ಹೊನ್ನಾವರ

ಹೊರಡುವ ಮೊದಲು ಹೊನ್ನಾವರಕ್ಕೆ ಹೋಗಿ ಅಕ್ಕನ ಅತ್ತೆಯನ್ನು ಕೇಳಬೇಕಾಗಿತ್ತು. ಅಕ್ಕ ಬಂದರೆ ಇರಬೇಕಾದದ್ದು ಗಂಡನ ಮನೆಯಲ್ಲಿ. ಅದು ಬಂದರಿಗೆ ಹತ್ತಿರದ ದೊಡ್ಡ ಮನೆ. ಅತ್ತೆ ಕೆಟ್ಟವಳಲ್ಲ, ಮಗನನ್ನು ನೆನೆದು ಅತ್ತಳು, ನನಗೆ ಆಸರಿಗೆ ಕೊಟ್ಟಳು, ಬೆಲ್ಲ ನೀರು ಎರಡೂ.

“ಬರ್ಲಿ. ಬ್ಯಾಡ ಹೇಳಿ ಯಾರು ಹೇಳ್ತ?” ಎಂದಳು. “ಬಚ್ಚಲ ಪಕ್ಕದ ಕೋಣೆ ಖಾಲಿ ಇದ್ದು. ಒಂದು ಮೂಲೆಲಿ ಇದ್ಕತ್ತು.”

ಕೋಣೆಯನ್ನು ತೆರೆದು ತೋರಿಸಿದಳು ಕೂಡ. ಗೋಡೆಗೆ ಸುಣ್ಣ ಬಳಿಸಿದ್ದರು. ಕಿಟಕಿಯಿಂದ ಬಾವಿಕಟ್ಟೆ ಕಾಣುತ್ತಿತ್ತು. ನನಗೆ ಸಮಾಧಾನವಾಯಿತು.

ಶರಾವತಿ ದಾಟುವ ಲಾಂಚಿನಲ್ಲಿ ಇಸ್ಮಾಯಿಲ್ ಸಾಹೇಬರು ಅದೇ ದಿನ ಈಚೆ ದಡಕ್ಕೆ ಬಂದಿದ್ದರು. ಕೈಯಲ್ಲಿ ಹಳೆಯ ಉಣ್ಣೆಯ ಕೋಟು. ಮುಂಬೈಯಲ್ಲಿ ಯಾವನೋ ಹಡಗಿನವನಿಂದ ಕೊಂಡದ್ದಂತೆ.

“ಹೆಗಡೇರೇ, ಇದು ತಗಂಡು ಹೋಗಿ. ಚಳಿ ಅಂದ್ರೆ ಎಂತ ಅಂತ ನಿಮಗೆ ಗೊತ್ತಿಲ್ಲ. ಅಕ್ಕೋರಿಗೆ ನಮ್ಮ ಸಲಾಂ ಹೇಳಿ,” ಎಂದರು. ಕೋಟು ನನ್ನ ಮೊಣಕಾಲಿನ ಕೆಳಗೂ ಬರುತ್ತಿತ್ತು. ಅದರೊಳಗೆ ನಾನು ಮೂಟೆಯಲ್ಲಿಟ್ಟ ಬೆಕ್ಕಿನ ಹಾಗೆ ಇದ್ದೆನೆಂದು ಆಮೇಲೆ ಅಕ್ಕ ಹೇಳಿದಳು.

ಬರ್ಮಿಂಗ್‌ಹ್ಯಾಮ್, ಮೊದಲ ದಿನ

ಅಕ್ಕ ಸ್ಟೇಷನ್ನಿಗೆ ಬಂದಿದ್ದಳು. ನಾನು ಅವಳನ್ನು ದಾಟಿ ಮುಂದೆ ಹೋಗಿಬಿಟ್ಟೆ. ಸೀರೆಯ ಮೇಲೆ ಕೋಟು, ತಲೆಗೆ ಉಣ್ಣೆಯ ಟೊಪ್ಪಿ, ಹಣೆ ಖಾಲಿ. “ತಮ” ಎಂದು ಹಿಂದಿನಿಂದ ಕರೆದ ಮೇಲೆಯೇ ಗುರುತು ಸಿಕ್ಕಿದ್ದು. ಅಷ್ಟು ಜನರ ನಡುವೆ ಅಳಬಾರದು ಎಂದು ಇಬ್ಬರೂ ಗಟ್ಟಿಯಾಗಿ ನಿಂತೆವು.

“ಚಳಿ ಆತಾ?” ಎಂದಳು.

“ಇಲ್ಲೆ,” ಎಂದೆ. ಹಲ್ಲು ಕಟಕಟ ಎನ್ನುತ್ತಿತ್ತು.

ಅವಳದು ಒಂದು ಮನೆಯ ಮಹಡಿಯ ಮೇಲಿನ ಕೋಣೆ. ಭಾವ ಹೋದ ಮೇಲೆ ಆಸ್ಪತ್ರೆಯ ಮನೆ ಬಿಟ್ಟು ಇಲ್ಲಿಗೆ ಬಂದಿದ್ದಳು. ಗೋಡೆಯಲ್ಲಿ ಚಳಿ ಕಾಯಿಸುವ ಗ್ಯಾಸಿನ ಒಲೆ, ಅದರ ಮೀಟರಿನ ಬಾಯಿಗೆ ನಾಣ್ಯ ಹಾಕಿದರೆ ಸ್ವಲ್ಪ ಹೊತ್ತು ಉರಿದು ತಾನಾಗಿ ಆರುತ್ತದೆ. ನಾಣ್ಯ ನುಂಗುವ ದೇವರನ್ನು ನಾನು ಕಂಡಿದ್ದೆ, ನಾಣ್ಯ ನುಂಗುವ ಒಲೆಯನ್ನು ಕಂಡದ್ದು ಅಲ್ಲೇ. ಕೆಳಗಿನ ಮನೆಯವರ ಹೆಸರು ಕೇಳಿದೆ. ಅಕ್ಕನಿಗೆ ಗೊತ್ತಿರಲಿಲ್ಲ. ಭಾವ ಸತ್ತಾಗ ಯಾರು ಬಂದು ಕೂತರು ಎಂದು ಕೇಳಿದೆ. ಆಸ್ಪತ್ರೆಯಿಂದ ಹೂವು ಬಂತು, ಒಂದು ಕಾರ್ಡು ಬಂತು, ಎಂದಳು.

“ಮತ್ತೆ ಜನ?”

“ಇಲ್ಲಿಯವು ದುಃಖದಲ್ಲಿದ್ದವ್ರ ಒಬ್ರೇ ಇಪ್ಪಲೆ ಬಿಡ್ತ. ಅದೇ ಮರ್ಯಾದೆಯಡ.”

ಆ ಮಾತು ಕೇಳಿ ನನಗೆ ಸಿಟ್ಟು ಬಂತು. ಇಂಥ ಮರ್ಯಾದೆಗೆ ಬೆಂಕಿ ಬೀಳಲಿ. ಅಕ್ಕನನ್ನು ಈ ವಾರವೇ ಎಬ್ಬಿಸಿಕೊಂಡು ಹೋಗುತ್ತೇನೆ ಎಂದು ಅಲ್ಲೇ ನಿಶ್ಚಯ ಮಾಡಿದೆ. ಮಾತೆತ್ತಿದರೆ ಅಕ್ಕ, “ನಾಳೆ ನನ್ನ ಸಂಗಡ ಬಾ. ಆಮೇಲೆ ಮಾತಾಡನ,” ಎಂದಳು.

ಶಾಪಿಂಗ್ ಸೆಂಟರ್

ಊರ ನಡುವೆ ಹೊಸದಾಗಿ ಕಟ್ಟಿದ್ದ ಶಾಪಿಂಗ್ ಸೆಂಟರ್ ಅದು. ಒಂದು ಪೇಟೆಯನ್ನೇ ಎತ್ತಿ ಒಂದು ಸೂರಿನ ಕೆಳಗೆ ಇಟ್ಟಿದ್ದಾರೆ ಎಂದರೆ ಸರಿಯಾದೀತು. ಒಳಗೆ ಬೀದಿಗಳಿವೆ, ಬೀದಿಗೆ ಬಿಸಿಲಿಲ್ಲ, ಮಳೆಯಿಲ್ಲ, ಹಗಲೂ ದೀಪ. ಹೊರಗೆ ಹಿಮ ಬೀಳುತ್ತಿದ್ದರೆ ಒಳಗೆ ನಮ್ಮ ಚೈತ್ರದ ಬೆಳಗಿನಷ್ಟು ಬೆಚ್ಚಗೆ. ಮೆಟ್ಟಿಲು ತಾನೇ ಓಡುತ್ತದೆ. ನಾನು ಹತ್ತಲು ಹೆದರಿ ಕೈಹಿಡಿಯನ್ನು ಮಾತ್ರ ಹಿಡಿದುಕೊಂಡೆ, ಕೈಹಿಡಿ ಮೇಲೆ ಹೋಯಿತು, ಕಾಲು ಕೆಳಗೇ ಉಳಿಯಿತು. ಹಿಂದಿದ್ದವರು ಇಸ್ಮಾಯಿಲ್ ಸಾಹೇಬರ ಕೋಟಿನ ಕಾಲರು ಹಿಡಿದು ನನ್ನನ್ನು ನೆಟ್ಟಗೆ ಮಾಡಿದರು. ಒಬ್ಬರೂ ನಗಲಿಲ್ಲ. ಕುಮಟೆಯಲ್ಲಾದರೆ ವರ್ಷಗಟ್ಟಲೆ ಹೇಳಿ ನಗುವಂಥ ಸಂಗತಿ.

ಅಲ್ಲಿ ಪರದೆ ಬಟ್ಟೆಯ ಒಂದು ಅಂಗಡಿಯಿದೆ. ಅಕ್ಕ ದಿನಾ ಮಧ್ಯಾಹ್ನದವರೆಗೆ ಅದರ ಹಿಂಬದಿಯಲ್ಲಿ ಮಷಿನ್ನಿನ ಮೇಲೆ ಪರದೆಗಳ ಅಂಚು ಹೊಲಿಯುತ್ತಾಳೆ. ಜವಳಿ ಅಂಗಡಿಯ ಮಗಳು ನಮ್ಮ ಅಂಗಡಿಯ ಗಜಕಡ್ಡಿಯನ್ನು ಒಮ್ಮೆಯೂ ಮುಟ್ಟಿದವಳಲ್ಲ. ಪರದೆಯಾಚೆಯಿಂದ ಬಟ್ಟೆ ಹರಿಯುವ ಸದ್ದು ಕೇಳಿ ಇದು ಮಲ್ಲು, ಇದು ಮಾದರಪಾಟು ಎಂದು ಹೇಳುತ್ತಿದ್ದಳಷ್ಟೆ.

ಅಂಗಡಿಯ ಎದುರಿಗೆ, ಬೀದಿಯ ನಡುವೆ, ಕುಂಡದಲ್ಲಿ ನೆಟ್ಟ ಗಿಡಗಳ ಪಕ್ಕ ಒಂದು ಬೆಂಚು. ಅಲ್ಲಿ ಒಬ್ಬಳು ಮುದುಕಿ ಕೂತಿದ್ದಳು, ತೊಡೆಯ ಮೇಲೆ ದೊಡ್ಡ ಕಪ್ಪು ಚೀಲ. ಅಕ್ಕ ನನ್ನನ್ನು ತೋರಿಸಿ, ತಮ್ಮ, ಇಂಡಿಯಾದಿಂದ ಬಂದಿದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಮಿಸೆಸ್ ಹಾರ್ಪರ್ ಎಂದು ಅವಳ ಪರಿಚಯ ಮಾಡಿಸಿ, ನನ್ನನ್ನು ಅಲ್ಲೇ ಕೂರಿಸಿ ಕೆಲಸಕ್ಕೆ ಹೋದಳು.

ನನ್ನ ಫಜೀತಿ ಶುರುವಾದದ್ದು ಆಗ. ಊರಿನಿಂದ ಬಾಳೆಪಟ್ಟೆಯಲ್ಲಿ ಸುತ್ತಿ ತಂದಿದ್ದ ವೀಳ್ಯದೆಲೆಗಳಲ್ಲಿ ಒಂದನ್ನು ಬಸ್ಸಿನಲ್ಲಿ ಮಡಿಸಿ ಹಾಕಿಕೊಂಡಿದ್ದೆ, ತಂಬಾಕು ಸಹಿತ. ಬಾಯಿ ತುಂಬಿತ್ತು. ಉಗುಳಲು ಒಂದು ಮೋರಿಯಿಲ್ಲ, ಒಂದು ಅಂಗಳದ ಮೂಲೆಯಿಲ್ಲ, ನೆಲ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಕುಂಡದ ಗಿಡದ ಬುಡ ನೋಡಿದೆ, ಸಮವಸ್ತ್ರದ ಕಾವಲುಗಾರ ನನ್ನನ್ನೇ ನೋಡುತ್ತಿದ್ದ. ಮುದುಕಿ ಪ್ರಯಾಣ ಹೇಗಾಯಿತು ಎಂದು ಕೇಳಿದಳು. ತಲೆಯಾಡಿಸಿದೆ. ಚಳಿ ಹೆಚ್ಚಾಯಿತೇ ಎಂದಳು. ತಲೆಯಾಡಿಸಿದೆ. ಡಾಕ್ಟರು ಒಳ್ಳೆಯವರಂತೆ, ನಿನ್ನ ಅಕ್ಕ ಯಾವಾಗಲೂ ಹೇಳುತ್ತಾಳೆ, ಎಂದಳು. ಬಾಯಿ ಬಿಗಿಹಿಡಿದು ಅವಳನ್ನು ನೋಡಿದೆ. ಕವಳದ ಖಾರಕ್ಕೋ ಏನೋ ಕಣ್ಣಲ್ಲಿ ನೀರು ಬಂತು.

ದುಃಖದಿಂದ ನನಗೆ ಮಾತು ನಿಂತುಹೋಗಿದೆ ಎಂದು ಮಿಸೆಸ್ ಹಾರ್ಪರ್ ತಿಳಿದುಕೊಂಡಳು. ಕೈಗವಸು ತೆಗೆದು ನನ್ನ ಕೈ ಹಿಡಿದಳು. ಅಪರಿಚಿತ ಹೆಂಗಸು ಹೀಗೆ ಕೈ ಹಿಡಿದದ್ದು ನನ್ನ ಜನ್ಮದಲ್ಲಿ ಮೊದಲು. ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯದೆ ಕೂತೆ. ಅವಳು ಮೆಲ್ಲಗೆ ತನ್ನ ಕಥೆ ಹೇಳಿದಳು, ಅರ್ಧ ತಿಳಿಯಿತು, ಅರ್ಧ ಊಹಿಸಿಕೊಂಡೆ. ಮಗ ಯುದ್ಧದಲ್ಲಿ ಹೋದ. ಗಂಡ ಆಮೇಲೆ ಹೋದ. ಮನೆಯಲ್ಲಿ ರೇಡಿಯೋ ಇದೆ. ರೇಡಿಯೋ ಮಾತಾಡುತ್ತದೆ, ಆದರೆ ತಾನು ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಇಲ್ಲಿಗೆ ಬರುತ್ತಾಳೆ, ಮುಚ್ಚುವಾಗ ಏಳುತ್ತಾಳೆ.

ಅಷ್ಟು ಹೊತ್ತಿಗೆ ನನ್ನ ಕಣ್ಣೀರು ಕವಳದ್ದಾಗಿ ಉಳಿದಿರಲಿಲ್ಲ. ಸೂತಕದ ಮನೆಯ ಜಗಲಿಯಲ್ಲಿ ಕೂತವರ ಹಾಗೆ ನಾವಿಬ್ಬರೂ ಕೂತೆವು. ಎದುರಿಗೆ ಜನ ಚೀಲ ಹಿಡಿದು ಹೋಗುತ್ತಲೇ ಇದ್ದರು. ಭಾವ ಸತ್ತ ಮೇಲೆ ಅವರಿಗಾಗಿ ನಾನು ಮನಸ್ಸು ಬಿಚ್ಚಿ ಅತ್ತದ್ದು ಅಲ್ಲಿಯೇ.

ಮಧ್ಯಾಹ್ನ ಅಕ್ಕ ಬಂದು ನನ್ನ ಕೆನ್ನೆ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಚಾ ಮಾರುವಲ್ಲಿಂದ ಒಂದು ಖಾಲಿ ಕಾಗದದ ಲೋಟ ತಂದು, ಇದಕ್ಕೆ ಉಗುಳು ಎಂದು ನನ್ನ ಕೈಗಿಟ್ಟು, ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಬಂದ ಮೇಲೆ ಅವಳು ಮೊದಲ ಸಲ ನಕ್ಕದ್ದು ಆಗ. ನಕ್ಕು ಮುಗಿಸಿ ನನ್ನ ಪಕ್ಕ ಕೂತಳು. ಲೋಟವನ್ನು ಬೆಂಚಿನ ಕೆಳಗೆ ಸರಿಸಿ ಕೇಳಿದಳು:

“ಕವಳ ಇದ್ದಾ?”

ನನ್ನ ಕೈ ಜೇಬಿನಲ್ಲೇ ನಿಂತಿತು. ಗಂಡ ಹೋದವಳು ಕವಳ ಹಾಕುವುದಿಲ್ಲ. ಆಯಿಗೆ ಕವಳವೆಂದರೆ ಪ್ರಾಣವಾಗಿತ್ತಂತೆ, ಅಪ್ಪಯ್ಯ ಹೋದ ದಿನದಿಂದ ಅವಳು ತಬಕು ಮುಟ್ಟಿಲ್ಲ. ಅಕ್ಕ ನನ್ನ ಮುಖ ನೋಡುತ್ತಲೇ ಅಂಗೈ ಚಾಚಿ ಕೂತಳು. ಎಲೆ ಕೊಟ್ಟೆ. ಅವಳು ಅದರ ನರ ಸುಲಿದು, ಸುಣ್ಣ ಸವರಿ, ಮೊದಲಿನ ಹಾಗೆಯೇ ನಾಲ್ಕು ಮಡಿಕೆ ಮಾಡಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಆಚೀಚೆ ಹೋಗುವ ಒಬ್ಬರೂ ತಿರುಗಿ ನೋಡಲಿಲ್ಲ.

ಭಾನುವಾರ

ಇನ್ನುಳಿದ ದಿನಗಳೂ ಆ ಬೆಂಚಿನ ಮೇಲೆಯೇ ಕಳೆದವು. ಕೊಳ್ಳುವವರಿಗಿಂತ ಕೂರುವವರೇ ಅಲ್ಲಿ ಹೆಚ್ಚೇನೋ ಎಂದು ವ್ಯಾಪಾರಿಯಾದ ನನಗೆ ಚಿಂತೆಯಾಯಿತು. ಮಕ್ಕಳ ಗಾಡಿ ತಳ್ಳುತ್ತ ಬರುವ ತಾಯಂದಿರು, ಕೈ ಕೈ ಹಿಡಿದ ಹುಡುಗ ಹುಡುಗಿಯರು, ಪೆನ್ಷನ್ನಿನ ಮುದುಕರು, ಎಲ್ಲರೂ ಬೆಚ್ಚಗಿನ ಜಾಗ ಹುಡುಕಿ ಬಂದವರು. ಎಲ್ಲರೂ ದೇವರಂಥವರು ಎಂದೇನೂ ಹೇಳಲಾರೆ. ಒಂದು ಸಲ ನಾವು ಕೂತೊಡನೆ ಪಕ್ಕದಲ್ಲಿದ್ದ ಗಂಡಸು ಮೂಗು ಮುರಿದು ಎದ್ದು ಹೋದ. ನನಗೆ ಮೈ ಉರಿಯಿತು. ಅಕ್ಕ ಸುಮ್ಮನೆ ಹೆಣಿಕೆ ಹಾಕುತ್ತಿದ್ದಳು.

“ಒಬ್ಬ ಎದ್ದ, ಇನ್ನೊಬ್ಬ ಬಂದು ಕೂತ,” ಎಂದಳು. “ನಮ್ಮಲ್ಲಾದ್ರೆ ಗಂಡ ಹೋದವು ಬಂದು ಕೂತ್ರೆ ಎಲ್ಲ ಒಟ್ಟಿಗೇ ಏಳ್ತ.”

ಭಾನುವಾರ ಸೆಂಟರಿಗೆ ಬೀಗ. ಆ ದಿನ ಅಕ್ಕ ಬೆಳಿಗ್ಗೆಯಿಂದ ಗ್ಯಾಸಿನ ಒಲೆಯ ಮುಂದೆ ಕೂತಿದ್ದಳು. ಒಲೆ ಆರಿದಾಗ ಎದ್ದು ನಾಣ್ಯ ಹಾಕುವಳು. ಕಿಟಕಿಯಾಚೆ ರಸ್ತೆಯಲ್ಲಿ ನಾಯಿಯೂ ಇಲ್ಲ. ಇದೇ ಸಮಯವೆಂದು ನಾನು ಮಾತು ತೆಗೆದೆ. ಆಯಿ ಕಾಯುತ್ತಿರುವುದು, ಹೊನ್ನಾವರದ ಅತ್ತೆ ಬರಲಿ ಎಂದದ್ದು, ಸುಣ್ಣ ಬಳಿಸಿದ ಕೋಣೆ, ಎಲ್ಲ ಹೇಳಿದೆ.

“ಯಾವ ಕೋಣೆ? ಬಚ್ಚಲ ಪಕ್ಕದ್ದಾ?”

“ಹೌದು.”

“ಗಂಡ ಸತ್ತ ಮೇಲೆ ಸಣ್ಣತ್ತೆ ಇದ್ದ ಕೋಣೆ ಅದು. ಮದುವೆ ಆಗಿ ಹೋದಾಗ ಆನೇ ಊಟ ತಗಂಡೋಗಿ ಕೊಡ್ತಿದ್ದೆ. ಸಾಯ ತನಕ ಬಾವಿಕಟ್ಟೆ ನೋಡ್ತಾ ಇತ್ತು,” ಎಂದಳು.

ನಾನು ಬಿಡಲಿಲ್ಲ. ಇಲ್ಲಿ ಮಾತ್ರ ಎಂತ ಇದೆ ಎಂದೆ. ಆ ಮಿಸೆಸ್ ಹಾರ್ಪರ್ ಎಂಬವಳ ಮನೆ ಎಲ್ಲಿದೆಯೆಂದಾದರೂ ಗೊತ್ತೇ? ಇವತ್ತು ನೀನು ಸತ್ತರೆ ನಾಳೆ ಅವಳಿಗೆ ಯಾರು ಹೇಳುತ್ತಾರೆ? ಮನೆ ಗೊತ್ತಿಲ್ಲದ ಗೆಳೆತನ ಒಂದು ಗೆಳೆತನವೇ? ಸಿಟ್ಟಿನಲ್ಲಿ ಸ್ವರ ದೊಡ್ಡದಾಯಿತು. ಅಕ್ಕ ಎಲ್ಲ ಕೇಳಿಸಿಕೊಂಡಳು. ಒಲೆ ಆರಿತು, ಅವಳು ಏಳಲಿಲ್ಲ.

“ನೀ ಹೇಳದು ಸುಳ್ಳಲ್ಲ,” ಎಂದಳು. “ಭಾನುವಾರ ಕಷ್ಟನೇ. ಆದರೆ ತಮ, ಆನು ಬತ್ನಿಲ್ಲೆ. ಅಲ್ಲಿ ಎಂಗೆ ಕೋಣೆ ಇದ್ದು. ಇಲ್ಲಿ ಜನ ಇದ್ದ.”

ಅಲ್ಲಿ ಇರುವುದು ಕೋಣೆ, ಇಲ್ಲಿ ಇರುವವರು ಜನ, ಅಷ್ಟೇ ಅವಳ ಲೆಕ್ಕ. ಎದ್ದು ನಾಣ್ಯ ಹಾಕಿದೆ.

ಹೇಳದೆ ಎದ್ದದ್ದು

ಹೊರಡುವ ದಿನ ಅಕ್ಕ ಸ್ಟೇಷನ್ನಿಗೆ ಬರುವುದು ಬೇಡವೆಂದೆ. ಬೆಂಚಿನಿಂದಲೇ ಎದ್ದು ಹೋಗುತ್ತೇನೆ, ಬಂದದ್ದು ಸಾವಿನ ಮನೆಗೆ ತಾನೆ. ಅಕ್ಕನಿಗೆ ಅರ್ಥವಾಯಿತು. ಉಳಿದ ಎಲೆಯೆಲ್ಲ ಅವಳ ಚೀಲಕ್ಕೆ ಹಾಕಿದ್ದೆ. ಅವಳು ಆಯಿಗೆಂದು ಉಣ್ಣೆಯ ಶಾಲೊಂದನ್ನು ಹೆಣೆದು ನನ್ನ ಪೆಟ್ಟಿಗೆಯಲ್ಲಿಟ್ಟಿದ್ದಳು. ಮೂವರೂ ಬಹಳ ಹೊತ್ತು ಕೂತೆವು, ಎಡಕ್ಕೆ ಅಕ್ಕ, ಬಲಕ್ಕೆ ಮಿಸೆಸ್ ಹಾರ್ಪರ್. ಅಕ್ಕ ಗಿಡದ ಕುಂಡವನ್ನೇ ನೋಡುತ್ತಿದ್ದಳು. ನಾನು ಪೆಟ್ಟಿಗೆ ಹಿಡಿದು ಎದ್ದೆ. ‘ಬತ್ತೆ’ ಎನ್ನಲಿಲ್ಲ, ತಿರುಗಿ ನೋಡಲಿಲ್ಲ.

ಓಡುವ ಮೆಟ್ಟಿಲು ನನ್ನನ್ನು ಮೇಲಕ್ಕೆ ಒಯ್ದಿತು. ತಿರುಗಿ ನೋಡಬಾರದೆಂದಿದ್ದರೂ ಮೇಲಿನ ಕಟಾಂಜನದ ಹತ್ತಿರ ಕಣ್ಣು ತಾನಾಗಿ ಕೆಳಗೆ ಹೋಯಿತು. ನಾನು ಎದ್ದ ಜಾಗದಲ್ಲಿ ಕೂರಲು ಒಬ್ಬ ಮನುಷ್ಯ ಬಂದಿದ್ದ. ಮಿಸೆಸ್ ಹಾರ್ಪರ್ ತನ್ನ ಕಪ್ಪು ಚೀಲವನ್ನು ಅಲ್ಲಿಟ್ಟು, ಇಲ್ಲ, ಇಲ್ಲಿ ಒಬ್ಬರು ಇದ್ದಾರೆ, ಈಗ ಬರುತ್ತಾರೆ ಎಂಬಂತೆ ಕೈ ಆಡಿಸುತ್ತಿದ್ದಳು. ಅವಳಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ಹೇಳದೆ ಎದ್ದವನು ಮರಳಿ ಬರುತ್ತಾನೆ ಎಂದು ತಿಳಿದಿದ್ದಳು. ಅಕ್ಕ ಅವಳಿಗೆ ಏನೂ ಹೇಳದೆ ಆ ಚೀಲದ ಮೇಲೆ ಕೈ ಇಟ್ಟು ಕೂತಿದ್ದಳು. ಕೆಳಗಿಳಿದು ಹೋಗಿ ಹೇಳಿ ಬರೋಣವೆನ್ನಿಸಿತು. ರೈಲಿಗೆ ಹೊತ್ತಾಗಿತ್ತು.

ಮರಳಿ ಕುಮಟಾ

ಬಸ್ಸು ದೇವಿಮನೆ ಘಟ್ಟ ಇಳಿಯುವಾಗ ಒಬ್ಬನೇ ಬರುತ್ತಿದ್ದೇನಲ್ಲ, ಆಯಿಗೆ ಏನು ಹೇಳಲಿ ಎಂದು ಮಾತು ಜೋಡಿಸುತ್ತಿದ್ದೆ. ಆಯಿ ಬಾಗಿಲಲ್ಲಿ ನಿಂತು, ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ನೋಡಿದಳು. ನಾನು ಶಾಲು ಕೊಟ್ಟೆ. ಅವಳು ಅದನ್ನು ಬಿಚ್ಚಲಿಲ್ಲ.

“ಎಂತ ಹೇಳ್ತು ಅಕ್ಕ?”

“ಅಲ್ಲಿ ಜನ ಇದ್ದ, ಹೇಳ್ತು.”

ಆಯಿ ಶಾಲನ್ನು ಎದೆಗವಚಿಕೊಂಡು ಒಳಗೆ ಹೋದಳು.

ಸಾಯಂಕಾಲ ಬೆಂಚು ತುಂಬಿತು. ಇಸ್ಮಾಯಿಲ್ ಸಾಹೇಬರು ಕೋಟು ವಾಪಸು ಪಡೆಯುವ ನೆಪದಲ್ಲಿ ಬಂದಿದ್ದರು. ನಾನು ಸೂರಿನ ಕೆಳಗಿನ ಪೇಟೆ, ಹಗಲಿನ ದೀಪ, ಕವಳದ ಫಜೀತಿ ಎಲ್ಲ ವರ್ಣಿಸಿದೆ.

“ಎಂತ ಮಾರಾಯ್ರೆ, ಮೆಟ್ಟಿಲು ತನ್ನಷ್ಟಕ್ಕೇ ಓಡ್ತದಾ? ಹಾಗಾದ್ರೆ ನಾವು ಎಂತ ಮಾಡೂದು?” ಎಂದರು ಮಾಸ್ತರರು.

“ನಿಂತ್ಕಳೂದು,” ಎಂದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ನಗುವಿನ ನಡುವೆ ಒಳಬಾಗಿಲ ಪರದೆ ಸ್ವಲ್ಪ ಅಲುಗಿತು. ಪರದೆಯ ಕೆಳಗೆ ಆಯಿಯ ಪಾದಗಳು ಕಂಡವು. ಇಪ್ಪತ್ತು ವರ್ಷಗಳಿಂದ ಆ ಪಾದಗಳು ದಿನಾ ಸಾಯಂಕಾಲ ಅಲ್ಲೇ ಇರುತ್ತವೆ. ಕುಮಟೆಯ ಸುದ್ದಿಯೆಲ್ಲ ಆಯಿ ಅಲ್ಲಿ ನಿಂತೇ ಕೇಳಿದವಳು. ಅವಳು ಕೂತು ಕೇಳಿದ್ದನ್ನು ನಾನು ಕಂಡಿಲ್ಲ.

ನಾನು ಬೆಂಚಿನ ಒಂದು ತುದಿಯಲ್ಲಿದ್ದೆ. ಮಾಸ್ತರರನ್ನು ಸ್ವಲ್ಪ ಸರಿಯಲು ಹೇಳಿ, ಅಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿ, ಮಡಿಚಿಟ್ಟಿದ್ದ ಆ ಉದ್ದದ ಕೋಟನ್ನು ಜಾಗ ಹಿಡಿಯಲು ಇಟ್ಟೆ. ಯಾರಿಗೆ ಎಂದು ಯಾರಿಗೂ ತಿಳಿಯಲಿಲ್ಲ. ಎದ್ದು ಹೋಗಿ ಪರದೆ ಸರಿಸಿದೆ.

“ಆಯಿ, ಇಲ್ಲೇ ಬಂದು ಕೂತ್ಗ,” ಎಂದೆ.

ಹಿಂದೆ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಆಯಿ ಹೆಗಲ ಮೇಲೆ ಅಕ್ಕನ ಶಾಲು ಹೊದ್ದಿದ್ದಳು. ನನ್ನ ಭುಜದ ಮೇಲಿನಿಂದ ಆ ಖಾಲಿ ಜಾಗವನ್ನೊಮ್ಮೆ ನೋಡಿದಳು, ಬಹಳ ಹೊತ್ತು ನೋಡಿದಳು ಎಂದೇ ನನಗೆ ಅನ್ನಿಸಿತು. ಆಮೇಲೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

“ಈಗ ಬ್ಯಾಡ ತಮ,” ಎಂದಳು. “ಜನ ಇದ್ದ.”